ಮಿರ್ಚಿ ತಿಂದು ಗೆದ್ದ ಕೋಟೆಗಳು

ದಾವಣಗೆರೆ ಕಾರ್ಪೊರೇಷನ್ ಚುನಾವಣೆಗೆ ನಿಂತಾಗ ನಾನು ಮಾಡಿದ ಮೊದಲ ತಪ್ಪು, ಮುದಸ್ಸಿರನನ್ನು ಸೇನಾಪತಿ ಮಾಡಿಕೊಂಡದ್ದು. ಅವನು ಮಂಡಿಪೇಟೆಯಲ್ಲಿ ನನ್ನ ಪಕ್ಕದ ಅಂಗಡಿಯವನು. ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುತ್ತಾ ಮೊಬೈಲಿನ ಯುದ್ಧದ ಗೇಮಿನಲ್ಲಿ ಅರ್ಧ ಜಗತ್ತನ್ನೇ ಗೆದ್ದವನು.

“ಶಿವಯೋಗಪ್ಪಾರೇ, ಗೇಮಿನಾಗೆ ಕೋಟೆ ಒಳಗೆ ನುಗ್ಗಿ ಐದು ನಿಮಿಷ ನಿಂತ್ರೆ ಸಾಕ್ರಿ, ಅದು ನಮ್ದು! ಹಿಂದಿನ ರಾಜರು ಸೋತಿದ್ದೇ ಇದು ಗೊತ್ತಿಲ್ದೆ,” ಎಂದು ವಾರ್ಡಿನ ನಕ್ಷೆ ಹಾಸಿದ. ಯಾವ ಮನೆಯವರು ನಮ್ಮನ್ನು ಕೂರಿಸಿ ಮಂಡಕ್ಕಿ-ಮಿರ್ಚಿ ಕೊಡುತ್ತಾರೋ ಆ ಮನೆಗೆ ಹಸಿರು ಬಣ್ಣ. ಎದುರಾಳಿ ಬಕ್ಕೇಶನಿಗೆ ಕೊಟ್ಟದ್ದು ಕಂಡರೆ ಕೆಂಪು.

ಹತ್ತು ದಿನ ತಿಂದೆ. ಹೊಟ್ಟೆಗೆ ಬೆಂಕಿ ಬಿತ್ತು, ನಕ್ಷೆಯೆಲ್ಲ ಹಸಿರಾಯಿತು. “ಗೆದ್ವಿ ಬಿಡ್ರಿ!” ಎಂದು ಮುದಸ್ಸಿರ್ ಕುಣಿದ. ಬಾಗಿಲಿಗೆ ಬಂದವರಿಗೆ ಮಿರ್ಚಿ ಕೊಡದೆ ಕಳಿಸುವ ಮನೆ ದಾವಣಗೆರೆಯಲ್ಲಿ ಯಾವುದಿದೆ ಎಂದು ಆ ಪುಣ್ಯಾತ್ಮನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಪ್ರಚಾರದ ಕೊನೆಯ ದಿನ ಇಬ್ಬರೂ ಸುಸ್ತಾಗಿ ನನ್ನ ಮನೆಗೆ ಹೋದೆವು. ಪಡಸಾಲೆಯಲ್ಲಿ ಬಕ್ಕೇಶ ಆರಾಮಾಗಿ ಕೂತು ಮಂಡಕ್ಕಿ ಮೆಲ್ಲುತ್ತಿದ್ದ. ನನ್ನ ಹೆಂಡತಿ ಶಕುಂತಲಮ್ಮ ಅವನ ತಟ್ಟೆಗೆ ಮೂರನೇ ಮಿರ್ಚಿ ಇಡುತ್ತಾ, “ನಾಚ್ಕೋಬ್ಯಾಡ್ರಿ, ತಿನ್ರಿ,” ಎನ್ನುತ್ತಿದ್ದಳು.

“ಏನೇ ಇದು?” ಎಂದು ಗುಡುಗಿದೆ.

“ವೋಟು ಕೇಳಾಕೆ ಮನೀಗೆ ಬಂದೋರ್ನ ಹಂಗೇ ಕಳಿಸ್ಲೇನ್ರಿ?” ಎಂದಳು ಅವಳು.

ಮುದಸ್ಸಿರ್ ನಕ್ಷೆ ಬಿಚ್ಚಿ ನನ್ನ ಮನೆಗೆ ಕೆಂಪು ಬಳಿದ. ಇಡೀ ವಾರ್ಡಿನಲ್ಲಿ ಕೆಂಪಾಗಿದ್ದು ಅದೊಂದೇ ಮನೆ.