ಮಾಸ್ತರು ಕೇಳದ ಕ್ಯಾಚು

ಸಂಶಿಯ ಬಾಳಕೃಷ್ಣ ಮಾಸ್ತರು ದೇಶ ಗೆದ್ದ ದೊಡ್ಡ ಗಳಿಗೆಗಳಿಗೆಲ್ಲ ಸಾಕ್ಷಿಯಾಗಿದ್ದರು. ಆದರೆ ಗೋಡೆಯ ಆಚೆ ನಿಂತು.

ಇದು ಶುರುವಾದದ್ದು ಎಂಬತ್ಮೂರರ ಜೂನಿನಲ್ಲಿ. ಆಗ ಅವರಿಗೆ ಇಪ್ಪತ್ತು ವರ್ಷ. ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದವರು ರಜೆಗೆ ಊರಿಗೆ ಬಂದಿದ್ದರು. ಬಸ್‌ಸ್ಟ್ಯಾಂಡಿನ ಬಾಜೂಕಿನ ಚಾದಂಗಡಿಯಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್ ಕೇಳಲು ರೇಡಿಯೋದ ಸುತ್ತ ಮೂವತ್ತು ಜನ ಮುಗಿಬಿದ್ದಿದ್ದರು. ನಮ್ಮವರು ಹೊಡೆದದ್ದು ಬರೀ ನೂರಾ ಎಂಬತ್ಮೂರು. ಎದುರಿನವನು ಬೌಂಡರಿ ಮೇಲೆ ಬೌಂಡರಿ ಬಾರಿಸುತ್ತಿದ್ದ. ಅಂಗಡಿಯವನ ಮಗ ಬಾಷಾಸಾಬ, ಮಾಸ್ತರರ ಓರಗೆಯವನು, ಕೈಯಲ್ಲಿದ್ದ ಕಪ್ಪುಬಸಿ ಕೆಳಗಿಟ್ಟು ಹೇಳಿದ್ದ: "ಲೇ ಬಾಳ್ಯಾ, ನೀ ಬಂದು ಕುಂತಾಗಿಂದ ಬರೇ ಬೌಂಡರಿನ ಆಗಾಕತ್ತಾವು. ಏಳು, ಹೊರಗ ನಿಂದ್ರು ಹೋಗು."

ಎಲ್ಲರೂ ನಕ್ಕರು. ಬಾಳಕೃಷ್ಣನೂ ನಗುತ್ತಲೇ ಎದ್ದು ಹೋಗಿ ಬೇವಿನ ಗಿಡದ ಕೆಳಗೆ ನಿಂತ. ಸ್ವಲ್ಪ ಹೊತ್ತಿಗೆ ಒಳಗೆ ಇದ್ದಕ್ಕಿದ್ದಂತೆ ಮಾತು ನಿಂತಿತು. ಆಮೇಲೆ ಅಂಗಡಿಯ ತಗಡು ಹಾರಿಹೋಗುವಂತಹ ಕೂಗು. ನಮ್ಮ ನಾಯಕ ಹಿಂದಕ್ಕೆ ಓಡುತ್ತ ಓಡುತ್ತ ಕ್ಯಾಚು ಹಿಡಿದಿದ್ದ. ಅದರ ನಂತರ ಬಾಳಕೃಷ್ಣನನ್ನು ಯಾರೂ ಒಳಗೆ ಬಿಡಲಿಲ್ಲ. ಬಿಡಿರೆಂದು ಅವನೂ ಕೇಳಲಿಲ್ಲ.

ಮುಂದೆ ಅವರು ವಿಜ್ಞಾನದ ಮಾಸ್ತರರಾದರು. ಬೆಕ್ಕು ಅಡ್ಡ ಬಂತೆಂದು ಹೆದರಿದ ಮಕ್ಕಳಿಗೆ, "ಅದಕ್ಕೂ ಎಲ್ಲೋ ಹೋಗೂ ಕೆಲಸ ಐತಿ, ಅಷ್ಟ" ಎಂದು ಹೇಳಿ ನಗಿಸಿದರು. ಆದರೆ ಫೈನಲ್ ಇದ್ದ ದಿನ ತಾವೇ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಎರಡು ಸಾವಿರದ ಏಳರಲ್ಲಿ ಹಿತ್ತಲ ಕಲ್ಲಿನ ಮೇಲೆ ಕೂತಿದ್ದರು, ಹನ್ನೊಂದರಲ್ಲೂ ಅದೇ ಕಲ್ಲು. ಟೋಕಿಯೋ ಒಲಿಂಪಿಕ್ಸಿನಲ್ಲಿ ಈಟಿ ಎಸೆತ ಬಂಗಾರ ತಂದ ಸಂಜೆ ನುಗ್ಗಿಗಿಡದ ಬುಡದಲ್ಲಿ ನಿಂತಿದ್ದರು. ಹೀಗೆ ನಿಂತೂ ನಿಂತೂ ಅವರಿಗೆ ಒಂದು ವಿದ್ಯೆ ಕೈಗೂಡಿತ್ತು. ಒಳಗಿನ ಮೌನವನ್ನು ಕೇಳಿಯೇ ಏನಾಗಲಿದೆಯೆಂದು ಹೇಳಬಲ್ಲವರಾಗಿದ್ದರು. ಸಿಕ್ಸರಿಗೆ ಮುಂಚಿನ ಮೌನ ಗಿಡ್ಡ. ಕ್ಯಾಚಿಗೆ ಮುಂಚಿನದು ಉದ್ದ, ಅದರೊಳಗೆ ಉಸಿರಿರುವುದಿಲ್ಲ. ಆಮೇಲೆ ಟೀವಿಯವರು ನೂರು ಸಲ ತೋರಿಸುತ್ತಿದ್ದರು, ನಿಜ. ಆದರೆ ಎಲ್ಲಿ ಬೀಳುತ್ತದೆಂದು ಮೊದಲೇ ಗೊತ್ತಿರುವ ಈಟಿ ನೋಡುವವನ ಎದೆಯನ್ನು ನಡುಗಿಸುವುದಿಲ್ಲ.

ಒಮ್ಮೆ ಮಾತ್ರ ಅವರು ಈ ನೇಮ ಮುರಿದಿದ್ದರು. ಎರಡು ಸಾವಿರದ ಹತ್ತೊಂಬತ್ತರಲ್ಲಿ ಚಂದ್ರನ ಮೇಲೆ ನಮ್ಮ ಲ್ಯಾಂಡರ್ ಇಳಿಯುವ ದಿನ. ಇದು ಆಟವಲ್ಲ, ಲೆಕ್ಕ. ಲೆಕ್ಕಕ್ಕೆ ಯಾರ ದೃಷ್ಟಿಯೂ ತಾಗದು ಎಂದು ಟೀವಿಯ ಮುಂದೆ ಕೂತರು. ಇನ್ನು ಎರಡು ಕಿಲೋಮೀಟರು ಚಿಲ್ಲರೆ ಉಳಿದಿದೆ ಎನ್ನುವಾಗ ಪರದೆಯ ಮೇಲೆ ಲ್ಯಾಂಡರಿನ ಹಾದಿ ತೋರಿಸುವ ಹಸಿರು ಗೆರೆ ದಾರಿ ತಪ್ಪಿತು. ಲ್ಯಾಂಡರಿನ ಸಂಪರ್ಕ ಕಡಿದುಹೋಯಿತು. ಮಾಸ್ತರು ಎದ್ದು ಟೀವಿ ಆರಿಸಿದರು. ಈ ಸಂಗತಿ ಹೆಂಡತಿ ವತ್ಸಲಾಬಾಯಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ನಾಲ್ಕು ವರ್ಷದ ನಂತರ ಮತ್ತೊಂದು ಲ್ಯಾಂಡರ್ ಚಂದ್ರನ ಹತ್ತಿರ ತಲುಪಿತು. ಮಾಸ್ತರು ರಿಟೈರ್ ಆಗಿ ಮೂರು ತಿಂಗಳಾಗಿತ್ತು. ಅವರ ಹಳೆಯ ವಿದ್ಯಾರ್ಥಿನಿ, ಈಗ ಅದೇ ಹೈಸ್ಕೂಲಿನಲ್ಲಿ ಟೀಚರ್ ಆಗಿರುವ ಸುಧಾರಾಣಿ, ಮುನ್ನಾದಿನವೇ ಫೋನು ಮಾಡಿದಳು. "ಸರ್, ನಾಳೆ ಸಂಜಿಗೆ ದೊಡ್ಡ ಪರದೆ ಹಾಕಸಾಕತ್ತೇವ್ರಿ. ನೀವು ಬರಾಕ ಬೇಕು."

"ನನಗ ಸ್ವಲ್ಪ ಮೊಳಕಾಲು ನೋವು ಐತವಾ," ಎಂದರು ಮಾಸ್ತರು.

ಫೋನು ಇಟ್ಟ ಮೇಲೆ ವತ್ಸಲಾಬಾಯಿ ರೊಟ್ಟಿ ಬಡಿಯುತ್ತಲೇ ಮಾತು ತೆಗೆದರು. "ಯಾವ ಮೊಳಕಾಲ್ರಿ, ಎಡಗಡೆದೋ ಬಲಗಡೆದೋ? ಊರ ಹುಡುಗರಿಗೆಲ್ಲಾ ಬೆಕ್ಕಿನ ಪಾಠ ಹೇಳಿದ್ರಿ. ಈಗ ನೀವ ಬೆಕ್ಕಾಗೀರಿ."

ಮಾಸ್ತರು ಮರುದಿನ ಸಂಜೆ ಇಸ್ತ್ರಿಯ ಅಂಗಿ ಹಾಕಿಕೊಂಡು ಶಾಲೆಗೇನೋ ಹೋದರು. ಆದರೆ ಮಕ್ಕಳೆಲ್ಲ ಶಾಲೆಯ ಹಾಲ್‌ನಲ್ಲಿ ಕೂತ ಮೇಲೆ ತಾವು ಮೆಲ್ಲಗೆ ವರಾಂಡದ ಕಂಬದ ಮರೆಗೆ ಸರಿದರು. ಅವರಿಗೆ ನೋಡುವ ಆಸೆ ಇರಲಿಲ್ಲವೆಂದಲ್ಲ. ಮೂವತ್ತನಾಲ್ಕು ವರ್ಷ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದ ಚಂದ್ರ ಬರೆದ ಮನುಷ್ಯ. ಸಾಯುವ ಮುಂಚೆ ಒಂದೇ ಒಂದು ಸಂಗತಿಯನ್ನಾದರೂ ಅದು ಆಗುವ ಗಳಿಗೆಯಲ್ಲೇ ಕಣ್ಣಾರೆ ಕಾಣಬೇಕೆಂದು ಜೀವ ಹಂಬಲಿಸುತ್ತಿತ್ತು. ಆದರೆ ಒಳಗೆ ಇನ್ನೂರು ಮಕ್ಕಳಿದ್ದರು. ಹಸಿರು ಗೆರೆ ಮತ್ತೆ ದಾರಿ ತಪ್ಪಿದರೆ?

ಎಲ್ಲರಿಗೂ ಚಾ ತಂದಿದ್ದ ಬಾಷಾಸಾಬ ಥರ್ಮಾಸು ಹಿಡಿದು ಅಲ್ಲೇ ಹಾಯ್ದ. ಗಡ್ಡ ಬೆಳ್ಳಗಾಗಿತ್ತು, ಬಾಯಿ ಮಾತ್ರ ಹಳೆಯದೇ. "ಇದೇನಲೇ ಬಾಳ್ಯಾ, ಇಲ್ಲಿ ಕಂಬಾ ಹಿಡ್ಕೊಂಡ್ ನಿಂತೀ? ಬೀಳತೈತೇನ್ ಅದು?"

"ನಾ ನೋಡಿದ್ರ ಕೆಡತೈತಪಾ. ನೀನ ಹೇಳಿದ್ದಲಾ."

"ನಾನ? ಯಾವಾಗ?"

ಮಾಸ್ತರು ಎಂಬತ್ಮೂರರ ನೆನಪು ಹೇಳಿದರು. ಆಮೇಲೆ ದನಿ ತಗ್ಗಿಸಿ ಹತ್ತೊಂಬತ್ತರದೂ ಹೇಳಿದರು. ಬಾಷಾಸಾಬ ಥರ್ಮಾಸನ್ನು ಕಟ್ಟೆಯ ಮೇಲಿಟ್ಟ. ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ.

"ಖರೇ ಹೇಳಲೇನು? ರೇಡಿಯೋದಾಗ ಇಂಗ್ಲಿಷ್ ಬರತಿತ್ತು. ನೀ ಒಂದೊಂದ ಬಾಲಿಗೂ ಕನ್ನಡದಾಗ ಅರ್ಥ ಹೇಳ್ತಿದ್ದಿ. ಬರೇ ಅರ್ಥ ಅಲ್ಲ, ಬಾಲ್ ಯಾಕ ತಿರಗತೈತಿ, ಗಾಳಿ ಹೆಂಗ ಒತ್ತತೈತಿ, ಎಲ್ಲಾನೂ. ನಿನ್ನ ಮಾತು ಮುಗಿಯೂದರಾಗ ಮುಂದಿನ ಬಾಲ್ ಹೋಗಿಬಿಡ್ತಿತ್ತು. ಮಂದಿ ನನ್ನ ಬೈಯಾಕ ಹತ್ತಿದ್ರು. ಬಾಯಿ ಮುಚ್ಚು ಅಂದ್ರ ನೀ ಸಿಟ್ಟಾಗ್ತಿ. ಅದಕ್ಕ ಹಂಗೊಂದು ನೆವಾ ಮಾಡಿ ಕಳಿಸಿದೆ."

"ನಲವತ್ತು ವರ್ಷ ಆತಲೋ!"

"ನೀ ಸಾಯನ್ಸ್ ಕಲತಾಂವ. ನನ್ನ ಒಂದ ಮಾತಿಗೆ ಇಷ್ಟ್ ವರ್ಷ ಜೋತಬೀಳ್ತಿ ಅಂತ ನನಗೇನ್ ಗೊತ್ತೋ?"

ಮಾಸ್ತರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಿತ್ತಲ ಕಲ್ಲು, ನುಗ್ಗಿಗಿಡ, ಬೇವಿನ ನೆರಳು ಎಲ್ಲ ಒಮ್ಮೆ ಕಣ್ಣ ಮುಂದೆ ಹಾಯ್ದುಹೋದವು. ಅಷ್ಟರಲ್ಲಿ ಸುಧಾರಾಣಿ ಹೊರಗೆ ಓಡಿ ಬಂದಳು. "ಸರ್, ಇಲ್ಲೇ ಅದೀರೇನ್ರಿ? ಅದರಾಗ ಬರೇ ಇಂಗ್ಲಿಷ್ ಬರಾಕತ್ತೇತ್ರಿ. ಹುಡುಗರಿಗೆ ಒಂದೂ ತಿಳಿವಲ್ದು. ನೀವು ಕನ್ನಡದಾಗ ಹೇಳಬೇಕ್ರಿ."

ಬಾಷಾಸಾಬ ಮಾಸ್ತರರ ಬೆನ್ನಿಗೆ ಕೈ ಹಚ್ಚಿ ಒಳಗೆ ದಬ್ಬಿದ. "ಹೋಗ್ರಿ ಮಾಸ್ತರ. ಈಗ ಎಷ್ಟ್ ಬೇಕಾದ್ರೂ ಮಾತಾಡ್ರಿ."

ಮಾಸ್ತರು ಪರದೆಯ ಬದಿಗೆ ನಿಂತು ಶುರು ಮಾಡಿದರು. ವೇಗವನ್ನು ಯಾಕೆ ತಗ್ಗಿಸಬೇಕು, ಗಾಳಿಯೇ ಇಲ್ಲದ ಕಡೆ ಪ್ಯಾರಾಶೂಟು ಯಾಕೆ ನಡೆಯುವುದಿಲ್ಲ, ಕಾಲು ಊರುವ ಮುಂಚೆ ಲ್ಯಾಂಡರ್ ನೆಲವನ್ನು ಹೇಗೆ ನೋಡಿಕೊಳ್ಳುತ್ತದೆ. ದನಿ ಹಳೆಯ ಗತ್ತಿಗೆ ಬಂತು. ಅಷ್ಟರಲ್ಲಿ ಎತ್ತರದ ಅಂಕಿ ಇಳಿಯುತ್ತ ಇಳಿಯುತ್ತ ಎರಡೂವರೆ ಕಿಲೋಮೀಟರಿಗೆ ಬಂತು. ಅವರ ಮಾತು ತಡವರಿಸಿತು. ಕಾಲು ತಾನಾಗಿಯೇ ಬಾಗಿಲ ಕಡೆ ತಿರುಗಿತು.

ಬಾಗಿಲಲ್ಲಿ ಬಾಷಾಸಾಬ ಚೌಕಟ್ಟಿನ ಎರಡೂ ಬದಿಗೆ ಕೈ ಚಾಚಿ ಅಡ್ಡ ನಿಂತಿದ್ದ.

ಮಾಸ್ತರು ಪರದೆಯ ಕಡೆ ತಿರುಗಿದರು. ಎರಡು ಕಿಲೋಮೀಟರು. ಒಂದೂವರೆ. ಹಸಿರು ಗೆರೆ ತನ್ನ ದಾರಿಯಲ್ಲೇ ಇತ್ತು. ಎಂಟುನೂರು ಮೀಟರು. ಈಗ ಹೇಳುವುದೇನೂ ಉಳಿದಿರಲಿಲ್ಲ. ಇನ್ನೂರು ಮಕ್ಕಳು ಉಸಿರು ಬಿಗಿಹಿಡಿದಿದ್ದರು. ಅದು ಆ ಉದ್ದನೆಯ ಮೌನ. ನಲವತ್ತು ವರ್ಷ ಅವರು ಗೋಡೆಗೆ ಕಿವಿ ಕೊಟ್ಟು ಆಲಿಸಿದ್ದು ಇದನ್ನೇ. ಒಳಗಿನಿಂದ ಅದು ಬೇರೆಯೇ ಇತ್ತು. ಬೆಚ್ಚಗಿತ್ತು, ಮೈಗೆ ಮೈ ತಾಗಿಸಿಕೊಂಡಿತ್ತು. ಹೊರಗೆ ನಿಂತವನಿಗೆ ಇದು ತಿಳಿಯುವಂತಿರಲಿಲ್ಲ.

ಆಮೇಲೆ ಪರದೆಯೊಳಗಿನ ವಿಜ್ಞಾನಿಗಳು ಎದ್ದು ಚಪ್ಪಾಳೆ ತಟ್ಟಿದರು. ಶಾಲೆಯ ಹಂಚು ಅದುರಿತು. ಬಾಷಾಸಾಬ ಬಾಗಿಲು ಬಿಟ್ಟು ಓಡಿ ಬಂದು ಮಾಸ್ತರರನ್ನು ಅಪ್ಪಿಕೊಂಡ.

ಮನೆಗೆ ಬಂದಾಗ ವತ್ಸಲಾಬಾಯಿ ಬಾಗಿಲಲ್ಲೇ ಇದ್ದರು. "ಹೆಂಗಾತ್ರಿ?"

"ಯಾಕ, ನೀ ಟೀವಿಯಾಗ ನೋಡಲಿಲ್ಲೇನು?"

"ನೋಡೀನಿ. ನೀವು ಹೇಳ್ರಿ."

ಮಾಸ್ತರು ಮೂವತ್ತು ಕಿಲೋಮೀಟರು ಮೇಲಿನಿಂದ ಶುರು ಮಾಡಿದರು. ಏಳು ಕಿಲೋಮೀಟರಿಗೆ ಇಳಿಯುವಷ್ಟರಲ್ಲಿ ಚಾ ಆರಿಹೋಯಿತು. ಎರಡಕ್ಕೆ ಬಂದಾಗ ಕುಕ್ಕರು ಮೂರು ಸಲ ಕೂಗಿತ್ತು.

"ಸಾಕ್ರಿ ಮಾರಾಯರ," ಎಂದರು ವತ್ಸಲಾಬಾಯಿ, ನಗು ತಡೆದುಕೊಂಡು. "ಸ್ವಲ್ಪ ಹೊರಗ ಹೋಗಿ ಗಿಡಕ್ಕ ನೀರರ ಹಾಕ್ರಿ."

"ಹೋಗೂದಿಲ್ಲ," ಎಂದರು ಮಾಸ್ತರು. ಕುರ್ಚಿಯನ್ನು ಇನ್ನಷ್ಟು ಒಳಗೆ ಎಳೆದುಕೊಂಡು, ಎಂಟುನೂರು ಮೀಟರಿಗೆ ಬಂದರು.