ಹವಳದ ಬಿಳಿ ಮಚ್ಚೆ

ಮತ್ಸ್ಯಾಲಯದಲ್ಲಿ ಹವಳದ ತೊಟ್ಟಿಯ ಗಾಜು ಉಜ್ಜುವ ಕೆಲಸ ಗಾಜಕ್ಕನದು. ಹದಿನೆಂಟು ವರ್ಷದಿಂದ ಉಜ್ಜಿ ಉಜ್ಜಿ, ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ದೊಡ್ಡ ಮೀನುಗಳ ಗೊಡವೆ ಅವಳಿಗಿರಲಿಲ್ಲ. ಅವಳ ಜೀವವೆಲ್ಲ ಕವಲುಹವಳದ ಸಂದಿಯಲ್ಲಿದ್ದ ಎರಡು ಗೋಬಿ ಮೀನುಗಳ ಮೇಲೆ. ಕಿರುಬೆರಳಿನ ಅರ್ಧದಷ್ಟು ಉದ್ದ, ನಿಂಬೆಹಣ್ಣಿನ ಬಣ್ಣ. ನೋಡಲು ಬಂದವರು ಕಣ್ಣರಳಿಸಿ ಹುಡುಕಿ, “ಇಲ್ಲೇನೂ ಇಲ್ಲ” ಎಂದು ಮುಂದೆ ಹೋಗುತ್ತಿದ್ದರು.

“ಗೋಬಿ ಅಂದ್ರೆ ಹೂಕೋಸಲ್ವಾ ಅತ್ತಿಗೆ?” ಟಿಕೆಟ್ ಕೊಡುವ ನಾದಿನಿ ಛೇಡಿಸುತ್ತಿದ್ದಳು. “ನಮ್ಮಣ್ಣನ ಮುಖಾನ ಇಷ್ಟು ಹೊತ್ತು ನೀವು ನೋಡಿದ್ದು ನಾ ಕಾಣೆ.”

“ನಿಮ್ಮಣ್ಣ ಬಾಯಿ ಮುಚ್ಕೊಂಡು ಕೂತಿದ್ರೆ ನೋಡ್ತಿದ್ದೆ.”

ಒಂದು ಸೋಮವಾರ, ನೋಡುಗರಿಗೆ ರಜೆಯ ದಿನ, ಹೊಸ ಮೇಲ್ವಿಚಾರಕರು ಟಾರ್ಚ್ ಹಿಡಿದು ಬಂದರು. ಕವಲುಹವಳದ ಒಂದು ಕೊಂಬೆಯ ಬುಡ ಚರ್ಮ ಸುಲಿದಂತೆ ಬೆಳ್ಳಗಾಗಿತ್ತು. ಅವರ ಮುಖ ಕಪ್ಪಿಟ್ಟಿತು. ಹಿಂದೆ ಕೆಲಸ ಮಾಡಿದ ಕಡೆ ಇಂಥದೇ ಬಿಳಿ ಮಚ್ಚೆ ವಾರದೊಳಗೆ ಇಡೀ ತೊಟ್ಟಿಯ ಹವಳವನ್ನು ನುಂಗಿ ನೀರು ಕುಡಿದಿತ್ತು.

“ರೋಗ. ಹರಡೋ ಮುಂಚೆ ಕೊಂಬೆ ಕತ್ತರಿಸಬೇಕು. ಇಕ್ಕಳ ತನ್ನಿ.”

ಮೇಲಿನವರಿಗೆ ಎದುರಾಡಿ ಗೊತ್ತಿಲ್ಲದ ಗಾಜಕ್ಕ, ಇಕ್ಕಳ ಹಿಡಿದೇ ಬಾಯಿಬಿಟ್ಟಳು.

“ರೋಗ ಅಲ್ಲ ಸರ್. ಆ ಗೋಬಿ ಮೀನುಗಳೇ ಕಚ್ಚಿ ಕಚ್ಚಿ ಕೆರೆದಿದ್ದು. ಒಂದು ವಾರದಿಂದ ನೋಡ್ತಿದ್ದೀನಿ. ಸುಣ್ಣ ಹೊಡೆಯೋ ಮುಂಚೆ ನಾವು ಗೋಡೆ ಕೆರೆಯಲ್ವಾ, ಹಾಗೆ. ಮೊಟ್ಟೆಗೆ ಜಾಗ ಮಾಡ್ಕೊಂಡಿವೆ.”

“ನಿಮ್ಮ ಮಾತು ತಪ್ಪಾದ್ರೆ ಇಡೀ ತೊಟ್ಟಿ ಹೋಗುತ್ತೆ. ಹೊಣೆ ಯಾರು?”

“ನಾನು,” ಎಂದುಬಿಟ್ಟಳು.

ಮೇಲ್ವಿಚಾರಕರು ಒಂದು ಸ್ಟೂಲು ಎಳೆದುಕೊಂಡರು. “ಮಧ್ಯಾಹ್ನದವರೆಗೆ ನೋಡೋಣ. ನೀವೂ ಕೂತ್ಕೊಳ್ಳಿ.”

ಕೂತರು. ಪಂಪಿನ ಗುಂಯ್‌ಗುಡುವಿಕೆ ಬಿಟ್ಟರೆ ಸದ್ದಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಗೋಬಿ ಸಂದಿಯಿಂದ ಬಂದು, ಬಿಳಿ ಜಾಗಕ್ಕೆ ಹೊಟ್ಟೆ ಆನಿಸಿ ಬಾಲದಿಂದ ಬೀಸಣಿಗೆಯಂತೆ ನೀರು ಬೀಸತೊಡಗಿತು. ತನಗಿಂತ ದಪ್ಪದ ಏಡಿಯೊಂದು ಹತ್ತಿರ ಸುಳಿದಾಗ ಹಿಂದುಮುಂದು ನೋಡದೆ ನುಗ್ಗಿ ಡಿಕ್ಕಿ ಹೊಡೆಯಿತು. ಏಡಿ ಅಡ್ಡಡ್ಡ ಹೆಜ್ಜೆ ಹಾಕಿ ಕಾಲ್ಕಿತ್ತಿತು.

ಮೇಲ್ವಿಚಾರಕರು ಭೂತಗನ್ನಡಿ ತಂದು ಗಾಜಿಗೆ ಮೂಗು ಒತ್ತಿದರು. ಬಿಳಿ ಜಾಗದ ತುಂಬ ಪಾರದರ್ಶಕ ಮೊಟ್ಟೆಗಳು, ಒಂದೊಂದರಲ್ಲೂ ಎರಡೆರಡು ಕಪ್ಪು ಚುಕ್ಕೆ.

“ಕಣ್ಣು ಮೂಡಿವೆ ಕಣ್ರೀ,” ಎಂದರು ಮೆಲ್ಲಗೆ. “ನಾನು ಕತ್ತರಿಸಿಬಿಡ್ತಿದ್ದೆ.”

ಎರಡು ದಿನದ ಮೇಲೆ, ಸಂಜೆ, ಮೊಟ್ಟೆಯೊಡೆದು ಧೂಳಿನಂಥ ಮರಿಗಳು ನೀರಿಗಿಳಿದವು. ಮರಿಗಳನ್ನು ಎಳೆದುಕೊಳ್ಳದಂತೆ ಇಬ್ಬರೂ ಸೇರಿ ಪಂಪು ನಿಲ್ಲಿಸಿ, ಲೋಟದಲ್ಲಿ ಮೊಗೆದು ಬೇರೆ ತೊಟ್ಟಿಗೆ ಬಿಟ್ಟರು. ನೂರಾರು ಸತ್ತವು. ಅವಕ್ಕೆ ಏನು ತಿನ್ನಿಸಬೇಕೆಂದು ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗಾಜಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಹನ್ನೊಂದು ಉಳಿದವು.

ಬಿಳಿ ಜಾಗದ ಮೇಲೆ ನಿಧಾನವಾಗಿ ಹವಳದ ತೊಗಲು ಹಬ್ಬಿ, ಮಚ್ಚೆ ಎಲ್ಲಿತ್ತೆಂದು ಹೇಳಲಾಗದಂತಾಯಿತು. ಬೆಳಗಿನ ತಪಾಸಣೆಗೆ ಮೇಲ್ವಿಚಾರಕರು ಈಗ ಅವಳನ್ನು ಕರೆದೇ ಹೊರಡುತ್ತಾರೆ. ಮರಿಗಳಲ್ಲಿ ಎರಡು ಆಗಲೇ ಪಕ್ಕದ ತೊಟ್ಟಿಯ ಹವಳದಲ್ಲಿ ಸಂಸಾರ ಹೂಡಿವೆ.