ನರಿ ಒಯ್ಯದ ಹಕ್ಕಿಗಳು

ಸತ್ತ ಹಕ್ಕಿಗಳನ್ನು ಎಣಿಸುವುದು ನನ್ನ ಕೆಲಸವಾಗಿತ್ತು. ಹಾಗೆಂದ ಕೂಡಲೇ ಎದುರಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು, ಆಮೇಲೆ ‘ಅದಕ್ಕೂ ಸಂಬಳ ಕೊಡ್ತಾರಾ?’ ಎಂದು ಹತ್ತಿರ ಬರುತ್ತಿದ್ದರು. ಕೊಡುತ್ತಿದ್ದರು. ನಮ್ಮ ಮನೆಯ ಹಿಂದಿನ ಗುಡ್ಡದ ಮೇಲೆ ಹತ್ತು ಗಾಳಿಯಂತ್ರಗಳಿವೆ. ಅವುಗಳ ರೆಕ್ಕೆಗೆ ಬಡಿದು ವರ್ಷಕ್ಕೆ ಎಷ್ಟು ಹಕ್ಕಿ ಸಾಯುತ್ತವೆ ಎಂದು ಯಾರಾದರೂ ನೋಡಲೇಬೇಕಲ್ಲ. ಮೂರು ದಿನಕ್ಕೊಮ್ಮೆ ಬೆಳಗ್ಗೆ ಏಳಕ್ಕೆ ಗುಡ್ಡ ಹತ್ತುತ್ತಿದ್ದೆ. ಪ್ರತಿ ಕಂಬದ ಸುತ್ತ ಗೂಟ ನೆಟ್ಟು ಗುರುತು ಮಾಡಿದ ಜಾಗದಲ್ಲಿ ಸಾಲು ಹಿಡಿದು, ಕಣ್ಣು ನೆಲಕ್ಕೆ ಕೀಲಿಸಿ ನಡೆಯುತ್ತಿದ್ದೆ. ಹಕ್ಕಿ ಕಂಡರೆ ಒಂದು ಫೋಟೊ. ಫಾರಂನಲ್ಲಿ ಜಾಗ, ಹೊತ್ತು, ಜಾತಿ. ಕಾಲಿಗೊಂದು ಚುಕ್ಕೆ ಬಣ್ಣ. ಎತ್ತುವಂತಿಲ್ಲ, ಹೂಳುವಂತಿಲ್ಲ, ಇದ್ದಲ್ಲೇ ಬಿಟ್ಟು ಮುಂದಕ್ಕೆ ಹೋಗಬೇಕು.

ಗಾಳಿಯಂತ್ರದ ಮೇಲೆ ನನಗೆ ಸಿಟ್ಟೇನೂ ಇಲ್ಲ. ನಮ್ಮ ಮನೆಯ ದೀಪ ಉರಿಯುವುದೂ ಅದರಿಂದಲೇ. ಆದರೆ ನಿಯಮ ಅಂತ ಒಂದಿದೆ. ವರ್ಷಕ್ಕೆ ನಲವತ್ತು ಹಕ್ಕಿ ದಾಟಿದರೆ, ವಲಸೆ ಹಕ್ಕಿಗಳು ಬರುವ ಆರು ವಾರ ಸಂಜೆಯ ಹೊತ್ತು ಯಂತ್ರ ನಿಲ್ಲಿಸಬೇಕು. ಊರಿನ ದೀಪಗಳೆಲ್ಲ ಹತ್ತುವುದೂ, ವಿದ್ಯುತ್ ಮಾರುಕಟ್ಟೆಯಲ್ಲಿ ದರ ಏರುವುದೂ, ಹಕ್ಕಿಗಳು ಗುಡ್ಡದಾಚೆಯ ಕೆರೆಗೆ ಇಳಿಯುವುದೂ ಸಂಜೆಯೇ. ಆಗ ನಿಲ್ಲಿಸಿದರೆ ಕಂಪನಿಗೆ ಕೈ ಕಚ್ಚುತ್ತದೆ. ಆದ್ದರಿಂದ ನನ್ನ ಫಾರಂ ಮೇಲೆ ಎಲ್ಲರಿಗೂ ಕಣ್ಣು. ಇಷ್ಟು ಜನ ನನ್ನ ಅಕ್ಷರ ಓದುತ್ತಾರೆಂದು ಗೊತ್ತಿದ್ದರೆ ಶಾಲೆಯಲ್ಲೇ ದುಂಡಗೆ ಬರೆಯುವುದನ್ನು ಕಲಿಯುತ್ತಿದ್ದೆ.

ಮನೆಯಲ್ಲಿ ಇರುವುದು ನಾನು ಮತ್ತು ಮಾವ. ಗಂಡ ಲಾರಿ ಓಡಿಸುತ್ತಾರೆ, ತಿಂಗಳಿಗೆ ಎರಡು ಸಲ ಮುಖ ತೋರಿಸಿದರೆ ಹೆಚ್ಚು. ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಮಾವ ಮೂವತ್ತು ವರ್ಷ ಅಣುಸ್ಥಾವರದ ಸುರಕ್ಷತಾ ವಿಭಾಗದಲ್ಲಿದ್ದವರು. ಕೈಯಲ್ಲಿ ಮೀಟರ್ ಹಿಡಿದು ಗೋಡೆ, ಬಾಗಿಲು, ಕೆಲಸಗಾರರ ಅಂಗೈ, ಬೂಟಿನ ಅಡಿ ಎಲ್ಲ ಕಡೆ ವಿಕಿರಣ ಅಳೆದು ಬರೆದಿಡುವುದೇ ಅವರ ಕೆಲಸ. ನಿವೃತ್ತರಾದರೂ ಆ ಚಾಳಿ ಬಿಟ್ಟಿರಲಿಲ್ಲ. ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಖು ಗೋಡೆಯ ಮೇಲೆ. ಹಾಲು ಉಕ್ಕಿದರೂ ‘ಕಾರಣ ಏನು?’ ಎಂದು ಕೇಳುತ್ತಿದ್ದರು. ‘ಕಾರಣ ನಾನೇ ಮಾವ, ಬರ್ಕೊಳ್ಳಿ’ ಎನ್ನುತ್ತಿದ್ದೆ. ನಾನು ಇಟ್ಟ ಹೆಸರು ಮೀಟರ್ ಮಾವ. ಅವರ ಎದುರಿಗೇ ಕರೆಯುತ್ತಿದ್ದೆ, ಅವರಿಗೂ ಅದು ಇಷ್ಟವೇ.

ಕೆಲಸ ಹಿಡಿದ ಮೊದಲ ತಿಂಗಳುಗಳು ಕಷ್ಟವಾಗಿದ್ದವು. ಒಂದು ದಿನ ಏಳನೇ ಕಂಬದ ಕೆಳಗೆ ಬಿದ್ದಿದ್ದ ಕೊಕ್ಕರೆಗೆ ಇನ್ನೂ ಜೀವ ಇತ್ತು. ಒಂದು ರೆಕ್ಕೆ ಬುಡದಿಂದಲೇ ಮುರಿದಿತ್ತು. ನಾನು ಪಕ್ಕದಲ್ಲಿ ಕೂತೆ. ಅರ್ಧ ಗಂಟೆ ಅದು ನನ್ನನ್ನೇ ನೋಡುತ್ತಿತ್ತು. ಆಮೇಲೆ ಫಾರಂನಲ್ಲಿ ಹೊತ್ತು ಬರೆದೆ. ಮನೆಗೆ ಬಂದು ಎರಡು ದಿನ ಊಟ ಮಾಡಲಿಲ್ಲ. ಮಾವ ‘ಬಿಟ್ಟುಬಿಡು ಈ ಕೆಲಸ’ ಎಂದರು. ‘ಹೊರಗೆ ದುಡಿಯೋ ಮೊದಲನೇ ಕೆಲಸ ಇದು, ಬಿಡಲ್ಲ’ ಎಂದೆ. ಅಲ್ಲಿಗೆ ಆ ಮಾತು ಮುಗಿಯಿತು.

ಆಮೇಲಿನ ನಾಲ್ಕು ತಿಂಗಳು ವಿಚಿತ್ರವಾಗಿ ಹಗುರಾದವು. ಹತ್ತೂ ಕಂಬ ಸುತ್ತಿದರೂ ಏನೂ ಸಿಗದ ದಿನಗಳೇ ಹೆಚ್ಚು. ಹಕ್ಕಿಗಳು ಬುದ್ಧಿ ಕಲಿತು ಯಂತ್ರದ ಪಕ್ಕದಿಂದ ಹಾರುತ್ತಿವೆ ಎಂದು ಪಕ್ಷಿ ಮೇಡಂ ಎದುರು ಜಂಭ ಕೊಚ್ಚಿದ್ದೆ. ಪಕ್ಷಿ ಮೇಡಂ ಎಂದರೆ ಸಮೀಕ್ಷೆಯ ಕಚೇರಿಯವರು, ನನ್ನ ಮೇಲಿನವರು. ಮಾತು ಕಡಿಮೆ, ಬೂಟಿಗೆ ಯಾವಾಗಲೂ ಕೆಸರು. ಅವರು ಅದನ್ನೂ ಬರೆದುಕೊಂಡರು.

ವರ್ಷ ಮುಗಿಯಲು ಎರಡು ದಿನ ಉಳಿದಿತ್ತು, ಶನಿವಾರ. ಆ ದಿನ ಸಿಕ್ಕ ಎರಡೂ ಹಕ್ಕಿಗಳ ಕಾಲಲ್ಲಿ ಸಣ್ಣ ಕೆಂಪು ದಾರ ಇತ್ತು. ನೋಡಿದ ಕೂಡಲೇ ಇದು ಪರೀಕ್ಷೆ ಎಂದು ಗೊತ್ತಾಯಿತು. ಮೇಡಂ ಹಿಂದಿನ ಸಂಜೆಯೇ ಬಂದು, ನನಗೆ ತಿಳಿಸದೆ ಹತ್ತು ಸತ್ತ ಹಕ್ಕಿಗಳನ್ನು ಅಲ್ಲಲ್ಲಿ ಇಟ್ಟು ಹೋಗಿರುತ್ತಾರೆ. ಹತ್ತರಲ್ಲಿ ಎಷ್ಟು ನನಗೆ ಸಿಗುತ್ತವೆ, ಎಷ್ಟನ್ನು ನರಿ ಒಯ್ಯುತ್ತದೆ ಎಂದು ನೋಡಲು. ವರ್ಷದ ಮೊದಲಲ್ಲಿ ಮಾಡಿದಾಗ ಹತ್ತಕ್ಕೆ ಹತ್ತೂ ಹಿಡಿದಿದ್ದೆ. ಈಗ ಎರಡು.

ಮಧ್ಯಾಹ್ನ ಮೇಡಂ ನಕ್ಷೆ ಹಿಡಿದು, ಇಟ್ಟ ಜಾಗಗಳಿಗೆಲ್ಲ ನನ್ನನ್ನು ಕರೆದುಕೊಂಡು ಹೋದರು. ಉಳಿದ ಎಂಟು ಜಾಗವೂ ಖಾಲಿ.

‘ನರಿ ಆದ್ರೆ ಪುಕ್ಕ ಬಿಟ್ಟು ಹೋಗುತ್ತೆ. ಇಲ್ಲಿ ಒಂದೂ ಇಲ್ಲ’ ಎಂದು ಅವರು ನನ್ನ ಮುಖ ನೋಡಿದರು. ನಾನೇನೂ ಮಾಡಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ಸೆರಗಿಗೆ ಹೋಯಿತು.

‘ಬೇರೆ ಕಾರಣ ಗೊತ್ತಿಲ್ಲದೇ ಇರೋವಾಗ ನರಿ ಅಂತಲೇ ಬರೀಬೇಕಾಗುತ್ತೆ’ ಎಂದರು ಮೇಡಂ. ‘ಹತ್ತರಲ್ಲಿ ಎಂಟು ಮಾಯ ಆಗ್ತಿದ್ರೆ, ನೀವು ಕಂಡಿರೋದು ಐದರಲ್ಲಿ ಒಂದು ಪಾಲು ಅಷ್ಟೇ. ವರ್ಷಕ್ಕೆ ನಿಮಗೆ ಸಿಕ್ಕಿದ್ದು ಹದಿನಾಲ್ಕು. ಐದರಿಂದ ಗುಣಿಸಿದ್ರೆ ಎಪ್ಪತ್ತು. ಸೋಮವಾರ ವರದಿ ಕಳಿಸ್ತೀನಿ. ಯಂತ್ರ ನಿಲ್ಲಿಸಬೇಕಾಗುತ್ತೆ.’

ಸಂಜೆ ಮಾವ ಚಹಾದ ಲೋಟ ಮುಟ್ಟದೆ ಕೂತಿದ್ದರು.

‘ಒಂದು ವಿಷಯ ಹೇಳ್ಬೇಕಮ್ಮ. ದೊಡ್ಡ ಘಟನೆ ಆಗಿದೆ. ನಿಮ್ಮ ಮೇಡಂಗೆ ಇವತ್ತೇ ತಿಳಿಸ್ಬೇಕು.’

‘ಏನಾಯ್ತು ಮಾವ?’

‘ಬೆಳಗ್ಗೆ ಗುಡ್ಡದ ಮೇಲೆ ಎಂಟು ಹಕ್ಕಿ ಸತ್ತು ಬಿದ್ದಿದ್ವು. ಇಷ್ಟು ದಿನ ಒಂದು, ಹೆಚ್ಚಂದ್ರೆ ಎರಡು ಇರ್ತಿತ್ತು. ಒಂದೇ ದಿನ ಎಂಟು ಅಂದ್ರೆ ಸಾಮಾನ್ಯ ಅಲ್ಲ. ಯಂತ್ರದಲ್ಲೇ ಏನೋ ಕೆಟ್ಟಿದೆ.’

‘ಕಾಲಲ್ಲಿ ಕೆಂಪು ದಾರ ಇತ್ತಾ?’

‘ಇತ್ತು. ನಿನಗೆ ಹೇಗೆ ಗೊತ್ತು?’

ನನಗೆ ನಗು ಬಂತು, ನಕ್ಕೂ ಬಿಟ್ಟೆ. ಆಮೇಲೆ ‘ಇಷ್ಟು ದಿನ’ ಎಂಬ ಮಾತು ತಲೆಗೆ ಹತ್ತಿತು, ನಗು ಅಲ್ಲಿಗೇ ನಿಂತಿತು. ಮಾವ ಸುಳ್ಳು ಹೇಳುವವರಲ್ಲ, ಯಾರೂ ಕೇಳದಿದ್ದಾಗ ಸುಮ್ಮನಿದ್ದರು, ಈಗ ಕೇಳಿದೆ, ಎಲ್ಲ ಹೇಳಿದರು. ಎಣಿಕೆಯ ದಿನ ಬೆಳಗ್ಗೆ ಐದೂವರೆಗೆ ವಾಕಿಂಗ್ ಎಂದು ಹೋಗುತ್ತಿದ್ದದ್ದು ಗುಡ್ಡಕ್ಕೆ. ಕಣ್ಣಿಗೆ ಬಿದ್ದ ಹಕ್ಕಿಗಳನ್ನು ಚೀಲಕ್ಕೆ ಹಾಕಿಕೊಂಡು, ನಾನು ಹೊರಡುವ ಮೊದಲೇ ಹಿತ್ತಲಿನಲ್ಲಿ ನಿಂಬೆ ಗಿಡದ ಬುಡದಲ್ಲಿ ಹೂಳುತ್ತಿದ್ದರು. ಈ ವರ್ಷ ಗಿಡ ಎಷ್ಟು ಚೆನ್ನಾಗಿ ಬಂದಿದೆ ಎಂದು ನಾನು ಪಕ್ಕದ ಮನೆಯವರಿಗೆಲ್ಲ ಕರೆದು ತೋರಿಸಿದ್ದೆ.

‘ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ ಮಾವ’ ಎಂದೆ. ಸಿಟ್ಟಿನಿಂದ ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. ‘ನನ್ನ ಒಂದು ವರ್ಷದ ಕೆಲಸ. ಯಾಕೆ ಮಾಡಿದ್ರಿ?’

‘ಆ ಕೊಕ್ಕರೆ ಆದ ಮೇಲೆ ನೀನು ಎಣಿಕೆ ದಿನ ತಟ್ಟೆ ಮುಂದೆ ಕೂತು ಎದ್ದು ಹೋಗ್ತಿದ್ದೆ. ಕೆಲಸ ಬಿಡು ಅಂದ್ರೆ ಬಿಡೋಳಲ್ಲ. ನನ್ನ ಕೈಲಿ ಇನ್ನೇನಾಗ್ತಿತ್ತು?’

‘ಎಷ್ಟು ಹಕ್ಕಿ? ಬರೆದಿಟ್ಟಿದ್ದೀರಲ್ಲ?’

‘ಇಲ್ಲ.’

ಸಿಲಿಂಡರಿನ ತಾರೀಖು ಬರೆಯುವ ಮನುಷ್ಯ. ನಾನು ನಂಬಲಿಲ್ಲ. ಅವರು ಮೇಜಿನ ಮೇಲಿದ್ದ ಲೋಟ ನೋಡುತ್ತ, ‘ಬರೆದ್ರೆ ನಾನೇ ಓದ್ಬೇಕಾಗ್ತಿತ್ತಲ್ಲ’ ಎಂದರು.

ಭಾನುವಾರ ಬೆಳಗ್ಗೆ ಇಬ್ಬರೂ ನಿಂಬೆ ಗಿಡದ ಬುಡ ಅಗೆದೆವು. ಮಾವ ಸಣ್ಣ ಗುದ್ದಲಿಯಲ್ಲಿ ಮಣ್ಣು ತೆಗೆದರು, ನಾನು ಹಳೆಯ ಬೆಡ್‌ಶೀಟಿನ ಮೇಲೆ ಸಾಲಾಗಿ ಇಟ್ಟೆ. ಹಳೆಯವು ಬರೀ ಮೂಳೆ ಆಗಿದ್ದವು, ತಲೆ ಲೆಕ್ಕ ಹಿಡಿದೆ. ಕೆಂಪು ದಾರದ್ದು ಎಂಟು, ನನ್ನ ಬಣ್ಣದ ಚುಕ್ಕೆ ಇಲ್ಲದ ಉಳಿದವು ಇಪ್ಪತ್ತಮೂರು. ನನ್ನ ಹದಿನಾಲ್ಕು ಸೇರಿಸಿದರೆ ಮೂವತ್ತೇಳು. ನಲವತ್ತಕ್ಕೆ ಮೂರು ಕಡಿಮೆ.

ನಾನು ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಸುಮ್ಮನಿದ್ದರೆ ಮೇಡಂ ನರಿ ಎಂದು ಬರೆಯುತ್ತಾರೆ. ಲೆಕ್ಕ ಎಪ್ಪತ್ತಾಗುತ್ತದೆ, ಯಂತ್ರ ನಿಲ್ಲುತ್ತದೆ, ಹಕ್ಕಿ ಉಳಿಯುತ್ತವೆ, ನನ್ನ ಕೆಲಸವೂ ಉಳಿಯುತ್ತದೆ. ಬಾಯಿ ಬಿಟ್ಟರೆ ಇವು ಯಾವುವೂ ಇಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಕೆಲಸ ಕಳೆದುಕೊಳ್ಳಲು ನನಗೆ ಖಂಡಿತ ಇಷ್ಟವಿರಲಿಲ್ಲ.

‘ನೀನು ಹೇಗೆ ಹೇಳ್ತೀಯೋ ಹಾಗೆ’ ಎಂದರು ಮಾವ, ಕೈಯ ಮಣ್ಣು ಉಜ್ಜಿಕೊಳ್ಳುತ್ತ.

‘ನಿಮ್ಮ ಸ್ಥಾವರದಲ್ಲಿ ಒಂದು ಮೀಟರ್ ಕೆಟ್ಟು ಜಾಸ್ತಿ ತೋರಿಸ್ತಿದ್ರೆ ಏನ್ ಮಾಡ್ತಿದ್ರಿ? ಜಾಸ್ತಿ ಅಂದ್ರೆ ಒಳ್ಳೇದೇ ಅಲ್ವಾ, ಎಲ್ಲರೂ ಹುಷಾರಾಗಿರ್ತಾರೆ.’

ಅವರು ಗುದ್ದಲಿಯನ್ನು ಗೋಡೆಗೆ ಒರಗಿಸಿದರು. ‘ಕೆಟ್ಟ ಮೀಟರಿನ ಅಂಕಿ ಬರೆಯೋಲ್ಲ. ಕಮ್ಮಿ ತೋರಿಸಿದ್ರೂ ಬರೆಯೋಲ್ಲ, ಜಾಸ್ತಿ ತೋರಿಸಿದ್ರೂ ಬರೆಯೋಲ್ಲ. ಕೆಟ್ಟಿದೆ ಅಂತ ಬರೀತೀವಿ. ಒಂದು ಸಲ ಬೇಕಾದ ಅಂಕಿ ಬರೆದ್ರೆ, ಮಾರನೇ ದಿನ ನಿಜವಾದದ್ದನ್ನೂ ಯಾರೂ ನಂಬೋಲ್ಲ.’

ಹೇಳಿ ಮುಗಿಸಿದ ಮೇಲೆ, ಅದು ತಮಗೇ ತಾಗುವ ಮಾತು ಎಂದು ಅವರಿಗೆ ಹೊಳೆದಿರಬೇಕು. ಒಳಗೆ ಹೋಗಿ ಸೋಮವಾರಕ್ಕೆ ಅಂಗಿ ಇಸ್ತ್ರಿ ಮಾಡಿಕೊಂಡರು.

ಮೇಡಂ ಕಚೇರಿ ಒಂದು ಮುದ್ರಣಾಲಯದ ಮಹಡಿಯಲ್ಲಿದೆ. ಎರಡು ಮೇಜು, ಪರೀಕ್ಷೆಯ ಹಕ್ಕಿಗಳನ್ನು ಇಡುವ ಒಂದು ಫ್ರೀಜರ್, ಕೆಳಗಿನ ಯಂತ್ರದ ಸದ್ದಿಗೆ ನಡುಗುವ ನೆಲ. ಮಾವ ನಿಂತುಕೊಂಡೇ ಎಲ್ಲ ಹೇಳಿದರು. ‘ಯಾಕೆ?’ ಎಂದು ಮೇಡಂ ಕೇಳಿದಾಗ, ‘ನೋಡೋಕೆ ಆಗ್ಲಿಲ್ಲ, ಎತ್ತಿಬಿಟ್ಟೆ’ ಎಂದಷ್ಟೇ ಅಂದರು. ನನ್ನ ಹೆಸರು ತರಲಿಲ್ಲ. ‘ನನಗೋಸ್ಕರ ಮಾಡಿದ್ದು’ ಎಂದು ನಾನೇ ಸೇರಿಸಿದೆ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನೀವು ಹೇಳದೇ ಇದ್ದಿದ್ರೆ ನಾನು ನರಿ ಅಂತ ಬರೆದುಬಿಡ್ತಿದ್ದೆ. ಬರೆಯೋಕೆ ನನಗೂ ಆಸೆ ಇತ್ತು’ ಎಂದರು. ಅವರ ಬಾಯಿಂದ ಮನಸ್ಸಿನ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

‘ಈಗೇನಾಗುತ್ತೆ?’

‘ಇಡೀ ವರ್ಷದ ಎಣಿಕೆ ರದ್ದು. ಹೊಸದಾಗಿ ಇನ್ನೊಂದು ವರ್ಷ. ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ, ಬೇರೆಯವರು ಬರ್ತಾರೆ. ಅಲ್ಲೀವರೆಗೂ ಯಂತ್ರ ತಿರುಗ್ತಾವೆ.’

‘ನಮ್ಮಲ್ಲಿ ಮೀಟರ್ ಕೆಟ್ರೆ, ಹೊಸದು ಬರೋವರೆಗೂ ಯಂತ್ರ ನಿಲ್ಲಿಸ್ತಿದ್ವಿ’ ಎಂದರು ಮಾವ.

‘ಇಲ್ಲಿ ಆ ನಿಯಮ ಇಲ್ಲ ಸಾರ್. ಇರ್ಬೇಕು ಅಂತ ವರದಿಯಲ್ಲಿ ಬರೀತೀನಿ.’

ಹೇಳಿಕೆಗೆ ಸಹಿ ಬೇಡ ಎಂದರೂ ಮಾವ ಕೇಳಲಿಲ್ಲ. ಮೂವತ್ತು ವರ್ಷ ಬೇರೆಯವರ ಕೈಲಿ ಹಾಕಿಸಿದ್ದೀನಿ ಎಂದು, ತಾರೀಖು ಸಮೇತ ಹಾಕಿದರು.

ಬಸ್ಸಿನಲ್ಲಿ ಅವರನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತೆ. ಕೆಲಸ ಹೋದ ಸಂಕಟಕ್ಕೆ ಮೂರು ದಿನ ಮುಖ ಗಂಟು ಹಾಕಿಕೊಂಡೇ ಇದ್ದೆ. ಅವರು ಅದಕ್ಕೂ ಕಾರಣ ಕೇಳಲಿಲ್ಲ. ನಾಲ್ಕನೇ ದಿನ ಹಾಲು ಉಕ್ಕಿತು. ‘ಬರ್ಕೊಳ್ಳಿ’ ಎಂದೆ. ಹಾಗೆ ರಾಜಿ ಆಯಿತು.

ಮೂರು ವಾರದ ನಂತರ ವಲಸೆ ಹಕ್ಕಿಗಳು ಬಂದವು. ಹೊಸ ಎಣಿಕೆಯವಳು ಗುಡ್ಡ ಹತ್ತತೊಡಗಿದಳು ಎಂದು ಕೇಳಿದೆ. ಒಂದು ಬೆಳಗ್ಗೆ ಮಾವ ವಾಕಿಂಗ್ ಹೊರಟಾಗ ನಾನೂ ಜೊತೆಗೆ ಹೋದೆ. ಕಂಬಗಳ ಪಕ್ಕದಲ್ಲೇ ಕಾಲುದಾರಿ ಇದೆ. ಗಾಳಿ ಚೆನ್ನಾಗಿತ್ತು, ಹತ್ತೂ ಯಂತ್ರ ತಿರುಗುತ್ತಿದ್ದವು. ನಾಲ್ಕನೇ ಕಂಬದ ಹತ್ತಿರ, ಗೂಟದಿಂದ ಎರಡು ಮಾರು ಒಳಗೆ, ಒಂದು ಕೊಕ್ಕರೆ ಬಿದ್ದಿತ್ತು. ಹಿಂದಿನ ಸಂಜೆಯೇ ಬಿದ್ದಿರಬೇಕು. ಮೈಮೇಲೆ ರಾತ್ರಿಯ ಇಬ್ಬನಿ ಕೂತಿತ್ತು. ಲೆಕ್ಕಕ್ಕೆ ಎಪ್ಪತ್ತು ಎಂದು ಬರೆಸಿದ್ದರೆ ಅದು ಈಗ ಕೆರೆಯಲ್ಲಿ ನಿಂತಿರುತ್ತಿತ್ತು ಎಂದು ಅನ್ನಿಸದೆ ಇರಲಿಲ್ಲ.

ಮಾವ ಎರಡು ಕೈಗಳನ್ನೂ ಹಿಂದಕ್ಕೆ ಕಟ್ಟಿಕೊಂಡು ದಾರಿಯಲ್ಲೇ ನಿಂತರು. ಒಂದು ಕಾಗೆ ಇಳಿದು, ಕುಪ್ಪಳಿಸುತ್ತ ಹತ್ತಿರ ಬಂತು. ಅವರು ಬಗ್ಗಿ ಒಂದು ಸಣ್ಣ ಕಲ್ಲು ಎತ್ತಿಕೊಂಡರು.

‘ಬೇಡ ಮಾವ.’

‘ಎತ್ತೋದಿಲ್ಲಮ್ಮ. ಅವಳು ಬರೋವರೆಗೂ ಕಾಗೆ ಮಾತ್ರ ಓಡಿಸ್ತೀನಿ.’

‘ಅದೂ ಮಾಡಬಾರದು. ಕಾಗೆ ತಿನ್ನೋದೂ ಲೆಕ್ಕದಲ್ಲಿ ಸೇರಿರುತ್ತೆ.’

ಕಾಗೆ ಕೊಕ್ಕರೆಯ ಕಣ್ಣಿಗೆ ಬಾಯಿ ಹಾಕಿತು. ಮಾವನ ಮುಷ್ಟಿ ಬಿಗಿಯಾಯಿತು, ಆಮೇಲೆ ಕಲ್ಲನ್ನು ಇದ್ದ ಜಾಗಕ್ಕೇ ಮೆಲ್ಲಗೆ ಇಟ್ಟರು. ನಾವು ಅಲ್ಲಿಂದ ಹೊರಟೆವು. ಗುಡ್ಡ ಅರ್ಧ ಇಳಿದ ಮೇಲೆ ಮಾವ ನಿಂತರು.

‘ಬಿಟ್ಟು ಬರೋದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರ್ಲಿಲ್ಲ’ ಎಂದರು. ‘ನೀನು ಒಂದು ವರ್ಷ ಇದನ್ನೇ ಮಾಡಿದೆ.’

ನನಗೆ ಅಳು ಬಂತು. ಅವರ ತೋಳು ಹಿಡಿದುಕೊಂಡು ಇಳಿದೆ.